ಗಾಲಿಯ ಬಣ್ಣ

ಮೋಟಾರುಗಾಡಿಯ ಮೈಬಣ್ಣವನ್ನು ಕುರಿತು ಚರ್ಚೆಯಾಗದ ಮನೆಯಿಲ್ಲ. ಬಿಳಿಯಾದರೆ ಬಿಸಿಲು ತಡೆಯುತ್ತದೆ, ಕಪ್ಪಾದರೆ ಗಾಂಭೀರ್ಯ, ಕೆಂಪಾದರೆ ಸಣ್ಣವರಿಗೆ ಸಂತೋಷ ಎಂದು ಒಬ್ಬೊಬ್ಬರದು ಒಂದೊಂದು ಮತ. ಗಾಲಿಯ ಬಣ್ಣದ ಮಾತು ಮಾತ್ರ ಈ ಚರ್ಚೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಕೆಸರು, ಕಲ್ಲು, ಬ್ರೇಕಿನ ಕರಿಹುಡಿ, ಬೀದಿನಾಯಿಯ ಉಪಚಾರ ಇವೆಲ್ಲವನ್ನೂ ಎಲ್ಲರಿಗಿಂತ ಮೊದಲು ಸಹಿಸಿಕೊಳ್ಳುವುದು ಗಾಲಿ. ಗಾಡಿ ತೊಳೆಯುವಾಗ ಕೊನೆಯ ಅರ್ಧ ಬಕೆಟ್ ಕೊಳೆನೀರು ಸಿಕ್ಕುವುದೂ ಅದಕ್ಕೇ.

ಬಾದಾಮಿಯ ಸೀಮೆಯಲ್ಲಿ ಗಾಲಿಯ ಪಾಡು ಇನ್ನಷ್ಟು ಕಷ್ಟದ್ದು. ಬನಶಂಕರಿಯ ಕಡೆಯಿಂದ ಶಿವಯೋಗ ಮಂದಿರಕ್ಕೆ ಹೋಗುವವರಿಗೆ ಆ ನೆಲ ಗೊತ್ತು. ಕೆಂಪು ಉಸುಕುಗಲ್ಲಿನ ಗುಡ್ಡಗಳು ಒಂದೆಡೆ, ಮಲಪ್ರಭೆಯ ಎರೆಭೂಮಿ ಇನ್ನೊಂದೆಡೆ. ಬೇಸಗೆಯಲ್ಲಿ ಕೆಂಪು ಹುಡಿ ಗಾಲಿಯ ಸಂದುಸಂದಿಗೂ ಸೇರುತ್ತದೆ. ಮಳೆಗಾಲದಲ್ಲಿ ಎರೆಯ ಕೆಸರು ಮೆತ್ತಿಕೊಂಡು ಕಲ್ಲಿನಂತೆ ಒಣಗಿ, ಕೆಳಗಿನ ತಗಡಿಗೆ ದಿನಗಟ್ಟಲೆ ತೇವವನ್ನು ಹಿಡಿದಿಡುತ್ತದೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ನದಿಯ ದಡದಲ್ಲಿ ಮಂದಿರವನ್ನು ಸ್ಥಾಪಿಸಿದ ಕಾಲಕ್ಕೆ ಅಲ್ಲಿಗೆ ಭಕ್ತರು ಬರುತ್ತಿದ್ದುದು ಚಕ್ಕಡಿಯಲ್ಲಿ, ಇಲ್ಲವೆ ಕಾಲ್ನಡಿಗೆಯಲ್ಲಿ. ಚಕ್ಕಡಿಯ ಗಾಲಿಗೆ ಬೇಕಾದದ್ದು ಕಬ್ಬಿಣದ ಹಳಿ ಮತ್ತು ಕೀಲೆಣ್ಣೆ. ಬಣ್ಣ ಬಳಿದರೂ ಅದು ಜಾತ್ರೆಯ ಶೋಭೆಗೆ. ಉಕ್ಕಿನ ತಗಡಿನ ಗಾಲಿಗಾದರೋ ಬಣ್ಣವೇ ಚರ್ಮ. ಚರ್ಮ ಸುಲಿದ ಜಾಗದಲ್ಲಿ ತುಕ್ಕು ಹಿಡಿಯುವುದು ತಪ್ಪದು.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿದುದನ್ನು ಓದುಗರು ಪತ್ರಿಕೆಗಳಲ್ಲಿ ನೋಡಿದ್ದಾರೆ. ಅದೇ ನೆರೆಯಲ್ಲಿ, ನದಿಗೆ ಹತ್ತಿರದ ಹಳ್ಳಿಯೊಂದರಲ್ಲಿ, ನಿವೃತ್ತ ಮಾಸ್ತರರೊಬ್ಬರ ಅಂಬಾಸಿಡರ್ ಗಾಡಿ ಎರಡು ದಿನ ಅಚ್ಚಿನ ಮಟ್ಟದ ನೀರಿನಲ್ಲಿ ನಿಂತಿತು. ತಂದೆಯ ಕಾಲದಿಂದ ಬಂದ ಗಾಡಿ. ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಿಡರಿನ ತಯಾರಿಕೆ 2014ರಲ್ಲಿಯೇ ನಿಂತುಹೋದುದರಿಂದ ಅದರ ಬಿಡಿಭಾಗವೊಂದನ್ನು ಹುಡುಕುವುದೆಂದರೆ ಹಳೆಯ ನೆಂಟರ ವಿಳಾಸ ಹುಡುಕಿದಂತೆಯೇ. ಇಂಜಿನ್ನನ್ನು ಮೇಸ್ತ್ರಿಯೊಬ್ಬನು ಬದುಕಿಸಿದನು. ಗಾಲಿಗಳತ್ತ ಯಾರೂ ನೋಡಲಿಲ್ಲ. ಮನೆಯ ಗೇಟಿಗೆ ಬಳಿದು ಉಳಿದಿದ್ದ ಬೆಳ್ಳಿಬಣ್ಣವನ್ನು ಕುಂಚದಿಂದ ಸವರಿ ಆಳುಮಗನು ಕೆಲಸ ಮುಗಿಸಿದ್ದನು. ನಾಲ್ಕೈದು ವರ್ಷಗಳಲ್ಲಿ ಆ ಬೆಳ್ಳಿ ಹಪ್ಪಳದಂತೆ ಎದ್ದು, ಕೆಳಗಿನಿಂದ ಕಂದು ತುಕ್ಕು ಇಣುಕತೊಡಗಿತು. ಗಾಡಿಯ ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ಊರ್ಜಿತಗೊಳಿಸುವ ತಪಾಸಣೆಯೂ ಹತ್ತಿರ ಬಂದಿತ್ತು. ಇಲಕಲ್ಲಿಗೆ ಕೊಟ್ಟ ಮಗಳು ಚೊಚ್ಚಲ ಗರ್ಭಿಣಿ. ಕುಬಸ ಮುಗಿಸಿ ಆಕೆಯನ್ನು ತವರಿಗೆ ಕರೆತರುವುದು ಇದೇ ಗಾಡಿಯಲ್ಲೇ ಆಗಬೇಕೆಂದು ಅಜ್ಜಿಯ ಹಟ.

ಬಣ್ಣ ಯಾವುದಿರಬೇಕೆಂಬ ವಿಷಯದಲ್ಲಿ ಮನೆಯಲ್ಲಿ ಮೂರು ಪಕ್ಷಗಳಾದವು. ಹುಬ್ಬಳ್ಳಿಯಲ್ಲಿ ಓದುವ ಮಗ ಥಳಥಳಿಸುವ ಕಪ್ಪೇ ಆಗಬೇಕೆಂದನು. ಮಾಸ್ತರರ ಹೆಂಡತಿ, ಬಿಳಿಯ ಗಾಡಿಗೆ ಕರಿಯ ಗಾಲಿಯೆಂದರೆ ಬಿಳಿ ಸೀರೆಗೆ ಕರಿಯ ಅಂಚು ಹಚ್ಚಿದಂತೆ ಎಂದು ಬೆಳ್ಳಿಯ ಪರ ನಿಂತರು. ಅಜ್ಜಿಗೆ ಇಡೀ ಚರ್ಚೆಯೇ ಸೋಜಿಗ. “ಗಾಲಿಗೆ ಬಣ್ಣ ಯಾಕೋ ತಮ್ಮಾ? ಕೀಲೆಣ್ಣಿ ಇದ್ದರ ಸಾಕಲ್ಲ?” ಎಂದು ಕೇಳಿ ಎಲ್ಲರ ಬಾಯಿ ಮುಚ್ಚಿಸಿದರು. ಕೊನೆಗೆ ಬೆಳ್ಳಿಯೇ ಗೆದ್ದಿತು. ಹೆಂಡತಿಯ ಮಾತಿನ ಬಲದ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಹೊಳೆಯುವ ಕಪ್ಪಿನ ಮೇಲೆ ಆ ಸೀಮೆಯ ಕೆಂಪು ಹುಡಿ ಎರಡು ಹರದಾರಿಯೊಳಗೆ ಎದ್ದು ಕಾಣುತ್ತದೆ.

ಬೆಳ್ಳಿಬಣ್ಣವೆಂದರೆ ಒಂದೇ ಎಂದು ಮಾಸ್ತರರು ತಿಳಿದಿದ್ದರು. ಹಾಗಲ್ಲವೆಂದು ತೋರಿಸಿಕೊಟ್ಟವನು ಬಾಗಲಕೋಟೆಯ ಬಣ್ಣದಂಗಡಿಯ ಮುದುಕ. ಗೇಟಿಗೂ ನೀರಿನ ತೊಟ್ಟಿಗೂ ಬಳಿಯುವ ಅಲ್ಯುಮಿನಿಯಂ ಪೇಂಟಿನಲ್ಲಿ ಲೋಹದ ಚಕ್ಕೆಗಳು ಹಾಲಿನ ಕೆನೆಯಂತೆ ಮೇಲಕ್ಕೆ ತೇಲಿ ಬಂದು ಒಂದರ ಮೇಲೊಂದು ಹಾಸಿಕೊಳ್ಳುತ್ತವೆ. ಕನ್ನಡಿಯಂಥ ಹೊಳಪು ಬರುವುದು ಅದರಿಂದ. ಮುಟ್ಟಿದರೆ ಬೆರಳಿಗೆ ಬೆಳ್ಳಿ ಅಂಟುವುದೂ ಅದರಿಂದಲೇ. ಸಡಿಲವಾಗಿ ತೇಲುವ ಆ ಚಕ್ಕೆಗಳ ಮೇಲೆ ಬೇರೆ ಯಾವ ಮೆರುಗನ್ನು ಹಾಕಿದರೂ ಅದು ಭದ್ರವಾಗಿ ಕೂರುವುದಿಲ್ಲ. ಮೋಟಾರಿಗೆಂದು ಮಾಡಿದ ಬೆಳ್ಳಿಬಣ್ಣದಲ್ಲಿ ಚಕ್ಕೆಗಳು ಬಣ್ಣದ ಒಡಲಿನೊಳಗೇ ಹರಡಿಕೊಂಡಿರುತ್ತವೆ. ಒಂಟಿಯಾಗಿ ನೋಡಿದರೆ ಅದು ಮಂಕು. ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಮೆರುಗು ಬಿದ್ದಾಗಲೇ ಅದಕ್ಕೆ ಜೀವ. ಗೇಟಿನ ಬೆಳ್ಳಿಯನ್ನು ಗಾಲಿಗೆ ಬಳಿದವರಿಗೆ ಮುಂದೆ ಮೆರುಗಿನ ದಾರಿ ಮುಚ್ಚಿದಂತೆಯೇ. ಹಳೆಯದನ್ನೆಲ್ಲ ಕೆರೆದು ಲೋಹದಿಂದ ಪ್ರಾರಂಭಿಸಬೇಕು.

ಈ ಭಾಗದ ಬಣ್ಣದವರು ಇಂದಿಗೂ ಯಾವ ಗಾಡಿಗೆ ಯಾವ ಬಣ್ಣ ಸಿಂಪಡಿಸಿದರೂ ಅದನ್ನು ‘ಡುಕೊ’ ಎಂದೇ ಕರೆಯುತ್ತಾರೆ. ಅಮೆರಿಕದ ಡ್ಯುಪಾಂಟ್ ಕಂಪನಿ 1923ರಲ್ಲಿ ಹೊರತಂದ ನೈಟ್ರೋಸೆಲ್ಯುಲೋಸ್ ಬಣ್ಣದ ಹೆಸರು ಅದು. ಅದಕ್ಕೆ ಮೊದಲು ಗಾಡಿಯೊಂದಕ್ಕೆ ಬಣ್ಣ ಹಚ್ಚಿ ಒಣಗಿಸಲು ದಿನಗಳು, ಕೆಲವೊಮ್ಮೆ ವಾರಗಳು ಬೇಕಾಗುತ್ತಿದ್ದವು. ಡುಕೊ ಬಂದು ಅದನ್ನು ಗಂಟೆಗಳ ಲೆಕ್ಕಕ್ಕೆ ಇಳಿಸಿತು. ನೂರು ವರ್ಷ ಕಳೆದು ರಸಾಯನವೇ ಬದಲಾಗಿದ್ದರೂ ಹೆಸರು ಉಳಿದಿದೆ. ಈ ಹೆಸರಿನ ಗೊಂದಲದಿಂದ ಒಂದು ಅಪಾಯವೂ ಉಂಟು. ಎಣ್ಣೆಯ ಎನಾಮಲ್ ಬಣ್ಣ ಪೂರ್ತಿ ಒಣಗುವ ಮೊದಲೇ ಅದರ ಮೇಲೆ ಎನ್.ಸಿ. ಬಣ್ಣವನ್ನು ಹೊಡೆದರೆ, ಮೇಲಿನದರ ಕಟುವಾದ ಥಿನ್ನರು ಕೆಳಗಿನದನ್ನು ಎಬ್ಬಿಸಿ ಮೈಯೆಲ್ಲ ಸುಕ್ಕುಗಟ್ಟುತ್ತದೆ. ಆದುದರಿಂದ ತಳದ ಪ್ರೈಮರು, ನಡುವಿನ ಬಣ್ಣ, ಮೇಲಿನ ಮೆರುಗು ಮೂರೂ ಒಂದಕ್ಕೊಂದು ಹೊಂದುವ ಜಾತಿಯವಾಗಿರಬೇಕು. ಜಾತಕ ಕೂಡಿಸುವವರೂ ಇಷ್ಟು ನೋಡುವುದಿಲ್ಲವೆಂದು ಅಂಗಡಿಯ ಮುದುಕನು ನಕ್ಕನಂತೆ.

ಬಣ್ಣದ ಕೆಲಸದಲ್ಲಿ ಮುಕ್ಕಾಲು ಪಾಲು ಬಣ್ಣದ ಡಬ್ಬಿ ತೆರೆಯುವ ಮೊದಲೇ ಮುಗಿದಿರಬೇಕು. ಗಾಲಿಯನ್ನು ಸೋಪಿನಿಂದ ತೊಳೆದು, ಜಿಡ್ಡನ್ನು ತೆಗೆದು, ತಂತಿಯ ಬ್ರಷ್ಷಿನಿಂದ ತುಕ್ಕನ್ನು ಕೆರೆದು, ಅನಂತರ ಕಾಗದದಿಂದ ತಿಕ್ಕಬೇಕು. ಈ ತಿಕ್ಕುವಿಕೆಯಲ್ಲಿ ಮಾಸ್ತರರಿಗೆ ಗುರುವಾದವರು ಇಲಕಲ್ಲಿನ ಬೀಗರು. ಆ ಊರಿನ ಕೆಂಪು ಗ್ರಾನೈಟು ದೇಶವಿದೇಶಗಳ ಕಟ್ಟಡಗಳಿಗೆ ಹೋಗುವಂಥದು. ಬೀಗರ ಆಯುಷ್ಯವೆಲ್ಲ ಆ ಕಲ್ಲಿಗೆ ಪಾಲಿಶು ಹಿಡಿಯುವುದರಲ್ಲಿ ಕಳೆದಿದೆ. ಕಬ್ಬಿಣವಾದರೇನು ಕಲ್ಲಾದರೇನು, ಧರ್ಮ ಒಂದೇ ಎಂಬುದು ಅವರ ಮತ. ಮೊದಲು 80ನೇ ನಂಬರಿನ ಒರಟು ಕಾಗದ, ಆಮೇಲೆ 180, ಆಮೇಲೆ 320, ಪ್ರೈಮರಿನ ಮೇಲೆ 400 ಹೀಗೆ ಮೆಟ್ಟಿಲಿಳಿದಂತೆ ಬರಬೇಕು. “ನಡುವ ಒಂದ ನಂಬರ ಹಾರಿಸಿದ್ರ ಗೆರಿ ಉಳೀತಾವ್ರಿ ಬೀಗರ. ಆಮ್ಯಾಲೆ ಎಷ್ಟ ಮೆರಗ ಕೊಟ್ರೂ ಗೆರಿ ಮೆರಗಿನ್ಯಾಗ ಕಾಣತಾವ” ಎಂದರು. ಇನ್ನೊಂದು ಮಾತನ್ನೂ ಹೇಳಿದರು. ನೀರು ಹಾಕಿ ತಿಕ್ಕಬೇಕು; ಒಣಗಿದ್ದನ್ನು ತಿಕ್ಕಿದರೆ ಹುಡಿ ಎದೆಗೆ ಹೋಗುತ್ತದೆ. ಕಲ್ಲಿನ ಹುಡಿ ಶ್ವಾಸಕೋಶದಲ್ಲಿ ಕೂತರೆ ಮತ್ತೆ ಏಳುವುದಿಲ್ಲವೆಂಬುದು ಆ ಕಸುಬಿನವರಿಗೆ ಪುಸ್ತಕದ ಮಾತಲ್ಲ.

ಹೀಗೆ ತಿಕ್ಕುತ್ತಿದ್ದ ಎರಡನೆಯ ದಿನ, ಮೂರನೆಯ ಗಾಲಿಯಲ್ಲಿ, ಬೋಲ್ಟಿನ ತೂತಿನ ಅಂಚಿನಿಂದ ಹೊರಟ ಒಂದು ಗೆರೆ ಕಂಡಿತು. ಮೊದಲು ಅದನ್ನು ಕಾಗದದ ಗೀರೆಂದೇ ಭಾವಿಸಿದರು. ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಹುಡಿ ಉದುರಿಸಿದಾಗ, ಎಣ್ಣೆ ಒಳಗಿನಿಂದ ಮೇಲಕ್ಕೆ ಬಂದು ಬಿಳಿಯ ಹುಡಿಯ ಮೇಲೆ ಕಪ್ಪು ದಾರದಂತೆ ಮೂಡಿತು. ಅದು ಬಿರುಕು. ಒಂದೂವರೆ ಅಂಗುಲದಷ್ಟು ಉದ್ದ. ಗೇಟಿನ ಬೆಳ್ಳಿಬಣ್ಣದ ಕೆಳಗೆ ಅದು ಎಷ್ಟು ವರ್ಷದಿಂದ ಅಲ್ಲಿತ್ತೋ, ಆ ಗಾಲಿಯ ಮೇಲೆ ಗಾಡಿ ಎಷ್ಟು ಸಲ ಮದುವೆ ಮುಂಜಿವೆಗೆ ಓಡಿತ್ತೋ, ಲೆಕ್ಕವಿಟ್ಟವರಾರು! ಮಗನು ಬೆಸುಗೆ ಹಾಕಿಸೋಣವೆಂದನು. ಬಾದಾಮಿಯ ಮೇಸ್ತ್ರಿ ಒಪ್ಪಲಿಲ್ಲ. ದುಡಿದು ದಣಿದ ಉಕ್ಕು ಅದು. ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ ಎಂದು ಹೇಳಿ, ಸೇರಿಸಿದ್ದ ಹಳೆಯ ಸಾಮಾನುಗಳ ರಾಶಿಯಿಂದ ಬೇರೊಂದು ಗಾಲಿಯನ್ನು ಹುಡುಕಿಕೊಟ್ಟನು. ಮಗಳನ್ನು ಕರೆತರುವ ದಿನಕ್ಕೆ ಮೂರು ವಾರ ಉಳಿದಿತ್ತು. ಆ ರಾತ್ರಿ ಮಾಸ್ತರರ ಹೆಂಡತಿಗೆ ನಿದ್ದೆ ಬರಲಿಲ್ಲ.

ಗಾಲಿಗೆ ಬಣ್ಣ ಹಚ್ಚುವವರು ಎಲ್ಲಿ ಹಚ್ಚಬಾರದು ಎಂಬುದನ್ನು ಮೊದಲು ತಿಳಿಯಬೇಕಾಗಿದೆ. ಗಾಲಿಯು ಹಬ್ಬಿಗೆ ಒತ್ತಿ ಕೂರುವ ಮುಖಕ್ಕೂ, ನಟ್ಟುಗಳು ಕೂರುವ ಓರೆಯಾದ ಗುಳಿಗಳಿಗೂ ದಪ್ಪನಾದ ಬಣ್ಣ ಸಲ್ಲದು. ನಟ್ಟು ಬಿಗಿಯುವಾಗ ಬಿಗಿಯಾದದ್ದು ಬಣ್ಣದ ಮೇಲೆ. ಗಾಡಿ ಓಡಿ ಬಣ್ಣ ಹಿಂಡಿ ತೆಳುವಾದಾಗ ಬಿಗಿ ಸಡಿಲುತ್ತದೆ. ನೋಟಕ್ಕೆ ಎಲ್ಲವೂ ಚೆಂದ, ನಟ್ಟು ಮಾತ್ರ ಕೈಯಿಂದ ತಿರುಗುವಂತಿರುತ್ತದೆ. ಈ ಜಾಗಗಳಿಗೆಲ್ಲ ಕಾಗದದ ಪಟ್ಟಿ ಅಂಟಿಸಿ ಮುಚ್ಚಬೇಕು. ಟಯರನ್ನು ಪೂರ್ತಿ ಬಿಚ್ಚಿಸುವುದೇ ಉತ್ತಮ, ಏಕೆಂದರೆ ಟ್ಯೂಬು ಕೂರುವ ಒಳಮೈಯ ತುಕ್ಕು ಟ್ಯೂಬನ್ನು ಕೊರೆಯುತ್ತದೆ. ಬಿಚ್ಚಲಾಗದವರು ಗಾಳಿ ಇಳಿಸಿ, ಟಯರಿಗೂ ರಿಮ್ಮಿಗೂ ನಡುವೆ ಮದುವೆಯ ಹಳೆಯ ಲಗ್ನಪತ್ರಿಕೆಗಳನ್ನು ಸುತ್ತಲೂ ಸಿಕ್ಕಿಸುತ್ತಾರೆ. ದಪ್ಪ ಕಾಗದದ ಅಂಥ ಪತ್ರಿಕೆಗಳಿಗೆ ಇದಕ್ಕಿಂತ ಸಾರ್ಥಕವಾದ ಉಪಯೋಗ ಕಂಡಿಲ್ಲ.

ತಳಕ್ಕೆ ರೆಡ್ ಆಕ್ಸೈಡ್ ಹಚ್ಚುವುದು ಊರಿನ ರೂಢಿ. ಅಗ್ಗ, ಎಲ್ಲೆಲ್ಲೂ ಸಿಕ್ಕುತ್ತದೆ; ಆದರೆ ಎಣ್ಣೆಯ ಜಾತಿಯದು ನಿಧಾನವಾಗಿ ಒಣಗುತ್ತದೆ, ಮೇಲೆ ಕಟುವಾದ ಬಣ್ಣ ಬಿದ್ದರೆ ಮುನಿಯುತ್ತದೆ. ಗಾಲಿಗೆ ಎಪಾಕ್ಸಿ ಪ್ರೈಮರೇ ಮೇಲು. ಬರಿಯ ಉಕ್ಕನ್ನು ಬಿಗಿಯಾಗಿ ಹಿಡಿದು ತೇವವನ್ನು ಹತ್ತಿರ ಬಿಡದು. ಬ್ರೇಕಿನ ಶಾಖಕ್ಕೆಂದು ಒಲೆ, ಹೊಗೆನಳಿಕೆಗಳಿಗೆ ಬಳಿಯುವ ಉಷ್ಣನಿರೋಧಕ ಬಣ್ಣವನ್ನು ತರುವವರುಂಟು. ಸಾಧಾರಣ ಓಡಾಟದಲ್ಲಿ ಗಾಲಿ ಅಷ್ಟೊಂದು ಕಾಯುವುದಿಲ್ಲ, ಆ ಬಣ್ಣವಾದರೋ ಬೆಂಕಿಯ ಕಾವು ಕಾಣದೆ ಗಟ್ಟಿಯಾಗುವುದೂ ಇಲ್ಲ. ಬೇರು ಗಟ್ಟಿಯಾಗಿದ್ದರೆ ಬಣ್ಣ ಎಷ್ಟು ಕಾಲ ನಿಲ್ಲಬಲ್ಲುದೆಂಬುದಕ್ಕೆ ಬಾದಾಮಿಯವರು ದೂರ ಹೋಗಬೇಕಾಗಿಲ್ಲ. 578ರಲ್ಲಿ ಮಂಗಲೇಶನು ಪೂರ್ತಿಗೊಳಿಸಿದ ಮೂರನೆಯ ಗುಹೆಯ ಚಾಚುಸೂರಿನ ಒಳಬದಿಯಲ್ಲಿ, ಬಿಸಿಲು ಮಳೆ ನೇರವಾಗಿ ತಾಕದ ಕಡೆ, ಚಿತ್ರದ ತುಣುಕುಗಳು ಇನ್ನೂ ಕಾಣುತ್ತವೆ. ಗಾಲಿಗೆ ಅಂಥ ಸೂರಿನ ಭಾಗ್ಯವಿಲ್ಲ. ಅದರ ಸೂರೆಂದರೆ ಕ್ಲಿಯರ್ ಕೋಟ್.

ನಿಜವಾದ ತೊಡಕು ಬಂದುದು ಅಲ್ಲಿಯೇ. ಈ ಮೆರುಗಿನಲ್ಲಿ ಎರಡು ಜಾತಿ. ಒಂದೇ ಡಬ್ಬಿಯದು, ‘ಒನ್ ಕೆ’. ಅದರ ದ್ರವ ಆರಿಹೋದಂತೆ ಒಣಗುತ್ತದೆ. ಪೆಟ್ರೋಲು ತಾಗಿದರೆ ಮತ್ತೆ ಮೆತ್ತಗಾಗುತ್ತದೆ, ಕಲ್ಲಿನ ಏಟಿಗೆ ಬೇಗ ಸೋಲುತ್ತದೆ. ಎರಡು ಡಬ್ಬಿಯದು ‘ಟೂ ಕೆ’. ಮೆರುಗು ಬೇರೆ, ಹಾರ್ಡನರ್ ಎಂಬ ಗಡಸುಗೊಳಿಸುವ ರಸ ಬೇರೆ. ಎರಡನ್ನೂ ಕೂಡಿಸಿದ ಮೇಲೆ ಕೆಲವೇ ಗಂಟೆಗಳ ಅವಧಿ. ಅಷ್ಟರಲ್ಲಿ ಸಿಂಪಡಿಸಬೇಕು, ಅನಂತರ ಒಳಗೊಳಗೇ ಬಲೆಯಂತೆ ಹೆಣೆದುಕೊಂಡು ಗಾಜಿನಂತಾಗುತ್ತದೆ. ಪೆಟ್ರೋಲು, ಬ್ರೇಕಿನ ಹುಡಿ, ಹರಳು, ಬಿಸಿಲು ಯಾವುದಕ್ಕೂ ಅದು ಸುಲಭವಾಗಿ ಜಗ್ಗದು. ಗಾಲಿಯ ದೃಷ್ಟಿಯಿಂದ ನೋಡಿದರೆ ಟೂ ಕೆ ಮುಂದೆ ಒನ್ ಕೆ ನಿಲ್ಲಲಾರದು. ಇದರಲ್ಲಿ ವಾದವೇ ಇಲ್ಲ.

ಬಾದಾಮಿಯ ಬಣ್ಣದವನು ಹೇಳಿದ್ದೂ ಅದನ್ನೇ. ಮೂವತ್ತರ ಹರೆಯ, ಒಳ್ಳೆಯ ಕೈಗುಣ. ಮೂಗಿಗೆ ಕರವಸ್ತ್ರ ಕಟ್ಟಿ, ತಗಡಿನ ಕೋಣೆಯೊಳಗೆ ಬಾಗಿಲೆಳೆದುಕೊಂಡು ಸಿಂಪಡಿಸುವುದು ಅವನ ಪದ್ಧತಿ. ಬಾಗಿಲು ತೆರೆದರೆ ಹುಡಿ ಬಂದು ಕೂರುತ್ತದೆಯಲ್ಲ! ಮಾತಿನ ನಡುವೆ ಅವನು ಕೆಮ್ಮುತ್ತಿದ್ದನು. ಮಾಸ್ತರರು ಕೇಳಿದಾಗ, “ರಾತ್ರಿ ಎದಿ ಕಟ್ಟತೈತ್ರಿ ಸರ. ಸೀಟಿ ಊದಿದಂಗ ಸಪ್ಪಳ ಬರತೈತಿ. ಬನಶಂಕರಿ ಜಾತ್ರ್ಯಾಗ ಎಂಟ ದಿನ ಅಂಗಡಿ ಮುಚ್ಚಿದ್ದೆ, ಏನೂ ಇರಲಿಲ್ಲ ನೋಡ್ರಿ. ಥಂಡಿ ಇರಬೇಕು” ಎಂದನು.

ಮೂವತ್ತು ವರ್ಷ ಹುಡುಗರ ಉತ್ತರಪತ್ರಿಕೆಗಳನ್ನು ನೋಡಿದವರಿಗೆ ಎರಡು ಸಾಲುಗಳ ನಡುವಿನ ತಪ್ಪು ಬೇಗ ಕಾಣುತ್ತದೆ. ಜಾತ್ರೆ ನಡೆಯುವುದು ಪುಷ್ಯದ ಚಳಿಯಲ್ಲಿ. ಥಂಡಿಯೇ ಕಾರಣವಾಗಿದ್ದರೆ ಜಾತ್ರೆಯ ಎಂಟು ದಿನ ಹೆಚ್ಚಾಗಬೇಕಿತ್ತು, ಮಾಯವಾಗಬಾರದಿತ್ತು. ಮಾಸ್ತರರು ಹಾರ್ಡನರಿನ ಡಬ್ಬಿಯನ್ನು ಕೈಗೆತ್ತಿಕೊಂಡು, ಕನ್ನಡಕ ಏರಿಸಿ, ಇರುವೆಯಂಥ ಅಕ್ಷರಗಳನ್ನು ಓದಿದರು. ಐಸೋಸಯನೇಟ್. ಈ ಹೆಸರನ್ನು ಭಾರತದವರು ಮರೆಯುವಂತಿಲ್ಲ. 1984ರ ಡಿಸೆಂಬರಿನಲ್ಲಿ ಭೋಪಾಲದ ಮೇಲೆ ಹರಡಿದ ವಿಷ ಮಿಥೈಲ್ ಐಸೋಸಯನೇಟ್. ಮೆರುಗಿನ ಡಬ್ಬಿಯಲ್ಲಿರುವುದು ಆ ವಸ್ತುವಲ್ಲ. ಅದೇ ಬಳಗದ, ಅಷ್ಟು ಉಗ್ರವಲ್ಲದ ಇನ್ನೊಂದು. ಅದು ಊರನ್ನು ಕೊಲ್ಲುವುದಿಲ್ಲ. ಸಿಂಪಡಿಸುವವನ ಉಸಿರಿನೊಳಗೆ ಮಂಜಾಗಿ ಹೋಗಿ, ತಿಂಗಳೋ ವರ್ಷವೋ ಸುಮ್ಮನಿದ್ದು, ಒಂದು ದಿನ ಅವನ ಎದೆಯನ್ನು ಆ ವಸ್ತುವಿನ ವೈರಿಯನ್ನಾಗಿ ಮಾಡುತ್ತದೆ. ಆಮೇಲೆ ಅಣುಮಾತ್ರ ಸೋಂಕಿದರೂ ಉಬ್ಬಸ. ವಾಸನೆಯಿಂದ ಎಚ್ಚರಗೊಳ್ಳುವಂತಿಲ್ಲ, ಮೂಗಿಗೆ ತಿಳಿಯುವ ಹೊತ್ತಿಗೆ ಮಿತಿ ಮೀರಿರುತ್ತದೆ. ಕರವಸ್ತ್ರ ಇದಕ್ಕೆ ಏನೂ ಅಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮುಸುಕು, ಗಾಳಿಯನ್ನು ಎಳೆದು ಹೊರದೂಡುವ ಕೋಣೆ, ಕೈಗವಸು ಇವಿದ್ದ ಕಡೆ ಮಾತ್ರ ಟೂ ಕೆ ಹೊಡೆಯತಕ್ಕದ್ದು. ದೊಡ್ಡ ಕಂಪನಿಗಳ ಕಾರ್ಯಾಗಾರಗಳಲ್ಲಿ ಇವು ಇರುತ್ತವೆ. ತಗಡಿನ ಕೋಣೆಯಲ್ಲಿ ಇಲ್ಲ.

ಮಾಸ್ತರರು ಅಂದು ಏನನ್ನೂ ನಿಶ್ಚಯಿಸದೆ ಹಿಂದಿರುಗಿದರು. ಸೋಮವಾರ ರೂಢಿಯಂತೆ ಶಿವಯೋಗ ಮಂದಿರಕ್ಕೆ ಹೋದರು. ಅಲ್ಲಿಯ ವಿಭೂತಿಗೆ ನಾಡಿನಲ್ಲೆಲ್ಲ ಹೆಸರು. ಗೋವಿನ ಸಗಣಿಯನ್ನು ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ತಳಕ್ಕಿಳಿದ ನುಣುಪನ್ನು ಗಟ್ಟಿ ಮಾಡಿ ಒಣಗಿಸುತ್ತಾರೆ. ಒರಟಿನಿಂದ ನುಣುಪಿಗೆ ಹೋಗುವ ಅದೇ ಮೆಟ್ಟಿಲು ಅಲ್ಲಿಯೂ. ಪಾಠಶಾಲೆಯ ವಟುಗಳಿಗೆ ಯೋಗಾಭ್ಯಾಸವುಂಟು. ಉಸಿರನ್ನು ಎಳೆಯುವುದು, ನಿಲ್ಲಿಸುವುದು, ಬಿಡುವುದು. ಇದನ್ನು ಕಂಡೇ ಮಾಸ್ತರರು ತೀರ್ಮಾನಕ್ಕೆ ಬಂದರೆಂದು ಬರೆದರೆ ಕಥೆ ಅಂದವಾಗುತ್ತಿತ್ತು. ಹಾಗೇನೂ ಆಗಲಿಲ್ಲ. ಅಲ್ಲಿ ಕೂತು ಅವರು ಹಾಕಿದ್ದು ಖರ್ಚಿನ ಲೆಕ್ಕ.

ದಾರಿಗಳು ಮೂರಿದ್ದವು. ಹುಬ್ಬಳ್ಳಿಯ ಕಡೆ ಕಳುಹಿಸಿ ಪೌಡರ್ ಕೋಟಿಂಗ್ ಮಾಡಿಸುವುದು ಒಂದು. ಬಣ್ಣದ ಹುಡಿಯನ್ನು ವಿದ್ಯುತ್ತಿನ ಆಕರ್ಷಣೆಯಿಂದ ಲೋಹಕ್ಕೆ ಅಂಟಿಸಿ, 180-200 ಡಿಗ್ರಿಯ ಒಲೆಯಲ್ಲಿ ಬೇಯಿಸುತ್ತಾರೆ. ಉಕ್ಕಿನ ಗಾಲಿಗೆ ಬಹಳ ಒಳ್ಳೆಯದು. ಅಲ್ಯುಮಿನಿಯಂ ಮಿಶ್ರಲೋಹದ ಗಾಲಿಯಾದರೆ ಆ ಕಾವು ಲೋಹದ ಬಲವನ್ನು ತಗ್ಗಿಸದಂತೆ ಜೋಪಾನವಾಗಿರಬೇಕು. ಸಾಗಣೆಯ ಖರ್ಚು ಸೇರಿ ಅದು ಮಾಸ್ತರರ ಪಿಂಚಣಿಗೆ ಹೆಚ್ಚಾಯಿತು. ಎರಡನೆಯದು ಬಣ್ಣದವನ ಟೂ ಕೆ. ಆತನೇ ಒಪ್ಪಿದ್ದಾನೆ, ಕೊಡುವವರು ಕೊಟ್ಟರೆ ಹೊಡೆಯುವವನು ಹೊಡೆಯುತ್ತಾನೆ. ಮೂರನೆಯದು ಒನ್ ಕೆ. ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ತಿಕ್ಕಿ ಹಚ್ಚುವ ಪಾಡು. ಮಗನು ಫೋನಿನಲ್ಲಿ ವಾದಿಸಿದನು: “ನಾವ ಬ್ಯಾಡಂದ್ರ ಆಂವಾ ಬ್ಯಾರೇ ಗಾಡಿಗೆ ಹೊಡ್ಯಾಂವನ ಅಲ್ಲೇನ್ ಅಪ್ಪಾ?” ಮಾತು ಸುಳ್ಳಲ್ಲ. ಮಾಸ್ತರರು ಅದಕ್ಕೆ ಉತ್ತರ ಕೊಡಲಿಲ್ಲ. ಮರುದಿನ ಬಣ್ಣದವನನ್ನು ಬಾಗಲಕೋಟೆಯ ವೈದ್ಯರ ಬಳಿಗೆ ಕರೆದುಕೊಂಡು ಹೋದರು. ಬರುವಾಗ ಒನ್ ಕೆ ಡಬ್ಬಿಗಳನ್ನು ಕೊಂಡು ತಂದರು. ಅದುವರೆಗೆ ಆತನಿಗೆ ಔಷಧ ಕೊಟ್ಟವರು ಹಲವರು. ದಿನವಿಡೀ ಏನನ್ನು ಉಸಿರಾಡುತ್ತೀ ಎಂದು ಕೇಳಿದವರು ಇವರೇ ಮೊದಲು.

ಸಿಂಪಡಿಸುವ ಕೆಲಸವನ್ನು ಮಾಸ್ತರರೇ ಬಯಲಿನಲ್ಲಿ, ಮುಸುಕು ಧರಿಸಿ ಮಾಡಿದರು. ಬಣ್ಣದವನು ಗಾಳಿಯ ಹಿಂಬದಿಗೆ ದೂರದಲ್ಲಿ ಕುರ್ಚಿ ಹಾಕಿಕೊಂಡು ಆಜ್ಞೆ ಕೊಡುತ್ತಿದ್ದನು. ಬೆಳಗಿನ ಎಂಟರ ಸಮಯ. ಆ ಸೀಮೆಯ ಮಧ್ಯಾಹ್ನದಲ್ಲಿ ಹನಿ ಲೋಹವನ್ನು ಮುಟ್ಟುವ ಮುಂಚೆಯೇ ಒಣಗಿ ಮೈ ಉಪ್ಪಿನ ಕಾಗದದಂತಾಗುತ್ತದೆ. ಮಳೆಗಾಲವಾದರೆ ಗಾಳಿಯ ತೇವಕ್ಕೆ ಮೆರುಗು ಹಾಲಿನಂತೆ ಬೆಳ್ಳಗಾಗುತ್ತದೆ. ಹುಡಿ ಏಳದಂತೆ ಹೆಂಡತಿ ಅಂಗಳಕ್ಕೆ ನೀರು ಚಿಮುಕಿಸಿದರು. ಡಬ್ಬಿಯನ್ನು ಎರಡು ನಿಮಿಷ ಅಲುಗಾಡಿಸಿ, ಒಂದು ಗೇಣು ದೂರದಿಂದ, ಕೈ ನಿಲ್ಲಿಸದೆ ತೆಳುವಾದ ಪದರಗಳು. ಮೊದಲನೆಯದು ಮಂಜು ಬಿದ್ದಂತೆ. “ತಡೀರಿ ಸರ, ಹತ್ತ ನಿಮಿಷ ಆಗಲಿ. ಆಸೆ ಮಾಡಿದ್ರ ಇಳೀತೈತಿ” ಎಂದು ಎರಡು ಸಲ ಗದರಿದನು. ಬೆಳ್ಳಿಯ ಮೇಲೆ ಕ್ಲಿಯರ್ ಮೂರು ಪದರ. ಹೊತ್ತೇರುವುದರೊಳಗೆ ನಾಲ್ಕು ಗಾಲಿಗಳೂ ಜಗಲಿಯ ಮೇಲೆ ಸಾಲಾಗಿ ಒರಗಿದವು. ಅಜ್ಜಿ ಹತ್ತಿರ ಬಂದು ಬಗ್ಗಿ ನೋಡಿ, ಮುಟ್ಟಬೇಡವೆಂದು ಎಲ್ಲರೂ ಕೂಗುವಷ್ಟರಲ್ಲಿ ಬೆರಳಿಟ್ಟೇಬಿಟ್ಟರು. ಆ ಗುರುತು ಹಿಂದಿನ ಎಡಗಾಲಿಯಲ್ಲಿ ಇಂದಿಗೂ ಇದೆ.

ತಪಾಸಣೆ ಮುಗಿಯಿತು. ಇಲಕಲ್ಲಿನಿಂದ ಮಗಳನ್ನು ಕರೆತರುವ ದಿನ, ದಾರಿಯಲ್ಲಿ ಮಂದಿರದ ದರ್ಶನವೂ ಆಯಿತು. ಹೆಂಗಸರು ಒಳಗೆ ಹೋದಾಗ ಮಾಸ್ತರರು ಬೇವಿನ ನೆರಳಿನಲ್ಲಿ ಪಾನ ತೆಗೆದು ಕೂತರು. ಬಣ್ಣ ಹಚ್ಚಿದ ಗಾಲಿಯ ನಟ್ಟುಗಳನ್ನು ಮೊದಲ 80-100 ಕಿಲೋಮೀಟರಿನ ಅನಂತರ ಮತ್ತೊಮ್ಮೆ ಬಿಗಿಯಬೇಕು. ಮೂರು ಗಾಲಿಗಳಲ್ಲಿ ಏನೂ ಅಲುಗಲಿಲ್ಲ. ಹೊಸದಾಗಿ ಸೇರಿದ ಗಾಲಿಯಲ್ಲಿ ಒಂದು ನಟ್ಟು ಕಾಲು ಸುತ್ತು ಬಂತು.

ಬಿರುಕುಬಿಟ್ಟ ಗಾಲಿಯನ್ನು ಕೊಳ್ಳಲು ಗುಜರಿಯವನು ಆ ವಾರವೇ ಬಂದನು. ಇಡಿಯಾಗಿ ಕೊಟ್ಟರೆ ಒಂದು ಬೆಲೆ, ಅಂಬಾಸಿಡರ್ ಗಾಲಿಗೆ ಗಿರಾಕಿ ಉಂಟು, ಬಿರುಕಿಗೆ ಸ್ವಲ್ಪ ಬಣ್ಣ ಮೆತ್ತಿದರಾಯಿತು ಎಂದನು. ಮಾಸ್ತರರು ಬೆಸುಗೆಯವನನ್ನು ಕರೆಸಿ ಗಾಲಿಯನ್ನು ನಡುವೆ ಎರಡು ಹೋಳು ಮಾಡಿಸಿದರು. ಗುಜರಿಯವನು ಗೊಣಗುತ್ತ ಹೋಳುಗಳನ್ನು ತಕ್ಕಡಿಗೆ ಹಾಕಿ, ಕಬ್ಬಿಣದ ತೂಕಕ್ಕೆ ಹಣ ಎಣಿಸಿ ಹೋದನು.